ಯಾರಿಗೆ ಹೇಳಿದ ಊರು?

ಸುಮಿತ್ರ ಅತ್ತಿಗೆಯ ಎದುರು "ನಮ್ಮದು ಮಂಗಳೂರು" ಎಂದು ಹೇಳಿ ಪಾರಾದವರನ್ನು ನಾನು ಈವರೆಗೆ ಕಂಡಿಲ್ಲ. ಮದುವೆಯ ಊಟದ ಪಂಕ್ತಿಯಿರಲಿ, ಕೊಚ್ಚಿಯ ಎಡಪ್ಪಳ್ಳಿ ಮಾಲಿನ ಎಸ್ಕಲೇಟರ್ ಇರಲಿ, ಕನ್ನಡ ಮಾತು ಕಿವಿಗೆ ಬಿತ್ತೆಂದರೆ ಅತ್ತಿಗೆಯ ಕತ್ತು ಅತ್ತ ತಿರುಗುತ್ತದೆ. ಮೊದಲು ಹೆಸರು, ಆಮೇಲೆ ಊರು. ಆ ಬಡಪಾಯಿ ಮಂಗಳೂರು ಎನ್ನುತ್ತಾನೆ. "ಮಂಗಳೂರಲ್ಲಿ ಎಲ್ಲಿ?" "ಮಂಗಳೂರಿಂದ ಸ್ವಲ್ಪ ಆಚೆ." "ಆಚೆ ಅಂದ್ರೆ ಯಾವ ಆಚೆ? ಬಂಟ್ವಾಳವಾ, ಮೂಡುಬಿದಿರೆಯಾ?" ಹೀಗೆ ಕೆದಕಿ ಕೆದಕಿ, ಅವನು ಹುಟ್ಟಿದ್ದು ಮಂಗಳೂರಿನಿಂದ ಎರಡು ಬಸ್ಸು ಬದಲಿಸಿ ಹೋಗಬೇಕಾದ ಯಾವುದೋ ಹಳ್ಳಿಯಲ್ಲಿ ಎಂದು ಹೊರಬಿದ್ದ ಮೇಲೆಯೇ ಅವನಿಗೆ ಊಟ ಮುಂದುವರಿಸಲು ಅಪ್ಪಣೆ.

ನಾನು ಅಪರ್ಣಾ. ಅತ್ತಿಗೆಯ ಗಂಡ ಕಮಲಾಕ್ಷ ನನ್ನ ಅಣ್ಣ. ನಮ್ಮದು ಕಾಸರಗೋಡಿನ ಕುಂಬಳೆ ಕಡೆ. ಕಡೆ ಎಂದು ಬರೆದದ್ದನ್ನು ಅತ್ತಿಗೆ ಓದಿದರೆ ನನಗೆ ಪೂಜೆ ಉಂಟು. ನನ್ನ ಗಂಡ ವಿನಯ್ ತಿರುವನಂತಪುರದಲ್ಲಿ ರಾಕೆಟ್ಟಿನ ಕೆಲಸದಲ್ಲಿರುವುದರಿಂದ ನಾವು ಅಲ್ಲಿ, ಅಣ್ಣ ಅತ್ತಿಗೆ ಎಡಪ್ಪಳ್ಳಿಯ ಫ್ಲಾಟಿನಲ್ಲಿ. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅತ್ತಿಗೆಯ ಮನೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಹೆಂಗಸು, ಮೊಮ್ಮಕ್ಕಳನ್ನು ಆಡಿಸುವುದೋ ತೀರ್ಥಯಾತ್ರೆಯೋ ಮಾಡಿಕೊಂಡಿರಬಹುದಿತ್ತು. ಇವರು ಹಿಡಿದದ್ದು ಕೊಚ್ಚಿ ಮತ್ತು ತಿರುವನಂತಪುರದ ಕನ್ನಡ ಮನೆಗಳ ವಂಶವೃಕ್ಷ ಬರೆಯುವ ಹುಚ್ಚು. ಬಿಟ್ಟಿ ಕೆಲಸ, ಮೇಲಿಂದ ಬೈಗುಳ.

ಬೈಗುಳ ಯಾಕೆಂದರೆ ಅತ್ತಿಗೆಯ ಕ್ರಮವೇ ಹಾಗೆ. ಒಬ್ಬರು ಹುಟ್ಟಿದ ಸ್ಥಳ ಬರೆಯಬೇಕಾದರೆ ಮನೆ ಇದ್ದ ಜಾಗ, ಗ್ರಾಮ, ತಾಲೂಕು, ಜಿಲ್ಲೆ ಎಲ್ಲವೂ ಬೇಕು. ಹುಟ್ಟಿದಾಗ ಅದು ಯಾವ ರಾಜ್ಯದಲ್ಲಿತ್ತು, ಈಗ ಎಲ್ಲಿದೆ ಎಂಬುದೂ ಬೇಕು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು. ಗೊತ್ತಿಲ್ಲದಿದ್ದರೆ ಜಾಗ ಖಾಲಿ. ಸಾಕ್ಷಾತ್ ಬ್ರಹ್ಮನೇ ಬಂದು ಇರಲಿ ಬಿಡು, ಏನಾದರೊಂದು ಬರೆ ಎಂದರೂ ಖಾಲಿ.

ನನ್ನ ಮಗ ಆಕರ್ಷ ಶಾಲೆಗೆ ವಂಶವೃಕ್ಷ ಮಾಡಿಕೊಂಡು ಹೋಗಬೇಕಾಗಿತ್ತು. ಅಜ್ಜಿಯ ಹಳೆಯ ಕಾಗದದಲ್ಲಿ ಮದ್ರಾಸ್ ಎಂದಿತ್ತು. ಅವನು ಚೆಂದಕ್ಕೆ ಬಣ್ಣ ಹಚ್ಚಿ "ಅಜ್ಜಿ, ಜನನ ಚೆನ್ನೈ" ಎಂದು ಬರೆದ. ನಮ್ಮಮ್ಮ ಕುಂಬಳೆಯಿಂದ ಫೋನಿನಲ್ಲಿ ಲಬೋ ಲಬೋ ಎಂದರು, ತಾನು ಮದ್ರಾಸಿನ ಮುಖವನ್ನೇ ಕಂಡವಳಲ್ಲ ಎಂದು. ಅತ್ತಿಗೆ ಹುಡುಗನನ್ನು ಕೂರಿಸಿ ನಕ್ಷೆ ಬಿಡಿಸಿ, ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು, ಆಮೇಲೆ ರಾಜ್ಯಗಳ ವಿಂಗಡಣೆಯಾಗಿ ಕೇರಳಕ್ಕೆ ಬಂತು ಎಂದು ವಿವರಿಸಿದರು. "ಅಜ್ಜಿ ಕೂತಲ್ಲೇ ಕೂತಿದ್ರು, ರಾಜ್ಯ ಮಾತ್ರ ಬದ್ಲಾಯ್ತು, ಗೊತ್ತಾಯ್ತಾ?" ಅವನು "ಶರಿ ಅಮ್ಮಾಯೀ", ಸರಿ ಅತ್ತೆ, ಎಂದು ಮಲಯಾಳದಲ್ಲಿ ಒಪ್ಪಿ ಇಡೀ ಚಾರ್ಟನ್ನು ಮತ್ತೆ ಬರೆದ.

ತಿರುವನಂತಪುರದ ನಮ್ಮ ಕನ್ನಡ ಕೂಟದ ಯಜ್ಞನಾರಾಯಣರಂತೂ ಈಗಲೂ ಅತ್ತಿಗೆಯ ಹೆಸರೆತ್ತಿದರೆ ಮುಖ ಗಂಟಿಕ್ಕುತ್ತಾರೆ. ಅವರಿಗೆ ತಮ್ಮ ಮೂಲಪುರುಷರು ಶೃಂಗೇರಿಯಿಂದ ಬಂದವರೆಂದು ಬರೆಸಬೇಕಿತ್ತು. ಯಾರು ಹೇಳಿದ್ದು ಎಂದರೆ ಎಲ್ಲರೂ ಹೇಳುತ್ತಾರೆ ಎಂದರು. ಅತ್ತಿಗೆ ಖಾಲಿ ಬಿಟ್ಟರು. ಗೋಡೆಗೆ ಹಾಕುವ ಚಾರ್ಟಿನಲ್ಲಿ ಖಾಲಿ ಜಾಗ ಚಂದ ಕಾಣುವುದಿಲ್ಲ ಎಂದು ಅವರು ವಾದಿಸಿದಾಗ ಅತ್ತಿಗೆ ಹೇಳಿದ್ದು ಇಷ್ಟೆ: "ಸುಳ್ಳು ಚಂದ ಕಾಣ್ತದೆ. ಅದರ ರೋಗವೇ ಅದು." ಯಜ್ಞನಾರಾಯಣರು ಬೇರೆ ಯಾರಿಂದಲೋ ಬರೆಸಿ ಫ್ರೇಮು ಹಾಕಿಸಿಕೊಂಡರು.

ಇದನ್ನೆಲ್ಲ ನಾನು ನಗುತ್ತ ಹೇಳುತ್ತೇನೆ. ಹೋದ ವರ್ಷ ದಾಕ್ಷಾಯಣಿಯವರ ವಿಷಯ ನಡೆದ ಮೇಲೆ ನಗುವಿನ ಒಳಗೆ ಭಕ್ತಿಯೂ ಸೇರಿಕೊಂಡಿದೆ.

ದಾಕ್ಷಾಯಣಿ ಮಟ್ಟಾಂಚೇರಿಯವರು. ಅಲ್ಲಿನ ಗೋದಾಮುಗಳಲ್ಲಿ ಶುಂಠಿ, ಮೆಣಸು ಆರಿಸಿ ಬದುಕಿದವರು, ಈಗ ಎಪ್ಪತ್ತು ದಾಟಿದೆ. ಅತ್ತಿಗೆ ಆ ಕಡೆಯ ಬ್ಯಾಂಕಿನ ಶಾಖೆಯಲ್ಲಿದ್ದಾಗ ಒಮ್ಮೆ ಇವರು ಸಾಲಿನಲ್ಲಿ ನಿಂತು "ಅಯ್ಯೋ ದೇವರೇ, ಎಷ್ಟು ಹೊತ್ತು ಮಾರಾಯ್ರೆ" ಎಂದು ಗೊಣಗಿದ್ದು ಕೌಂಟರಿನ ಒಳಗೆ ಕೇಳಿಸಿ ಪರಿಚಯವಾಯಿತು. ಮಲಯಾಳ ಬೆರೆತ, ಆದರೆ ನಮ್ಮ ಕರಾವಳಿಯ ಕನ್ನಡವೇ. ಎಲ್ಲಿಂದ ಬಂತೆಂದರೆ ಅಮ್ಮನಿಂದ.

ಆ ಅಮ್ಮನ ಹೆಸರು ತುಂಗಮ್ಮ. ರಾಜ್ಯಗಳ ವಿಂಗಡಣೆಗೆ ಒಂದು ವರ್ಷ ಮೊದಲು, ಗಂಡ ಸತ್ತು ಹೊಟ್ಟೆಗಿಲ್ಲದೆ, ಕೊಚ್ಚಿಯಲ್ಲಿದ್ದ ಕನ್ನಡದವರೊಬ್ಬರ ಮನೆಗೆ ಅಡುಗೆಗೆ ಬಂದವರು. ಹಾಲು ಕುಡಿಯುವ ಹೆಣ್ಣುಮಗುವನ್ನು ಕರೆದುಕೊಂಡು ಬರಬಹುದು, ಎರಡು ಮಕ್ಕಳಾದರೆ ಬೇಡ ಎಂದರಂತೆ ಆ ಮನೆಯವರು. ಹಾಗಾಗಿ ದಾಕ್ಷಾಯಣಿ ತಾಯಿಯ ಸೊಂಟದಲ್ಲಿ ಕೊಚ್ಚಿಗೆ ಬಂದರು, ನಾಲ್ಕು ವರ್ಷದ ಅಣ್ಣ ಸುಧನ್ವ ಯಕ್ಷಗಾನದ ಹುಚ್ಚಿನ ಅಜ್ಜನ ಹತ್ತಿರ ಉಳಿದ. ಒಂದು ವರ್ಷ ಕಳೆದು ಅವನನ್ನೂ ಕರೆಸಿಕೊಳ್ಳುವುದೆಂದಿತ್ತು. ಅಷ್ಟರಲ್ಲಿ ಆ ಮನೆಯವರಿಗೆ ಉತ್ತರದ ಕಡೆ ವರ್ಗವಾಯಿತು. ತುಂಗಮ್ಮ ಗೋದಾಮಿನ ಕೆಲಸ ಹಿಡಿದರು. ಅಲ್ಲಿ ಲೆಕ್ಕ ಬರೆಯುವ ರೈಟರ ಕೈಯಲ್ಲಿ ಅಪ್ಪನಿಗೆ ಕಾರ್ಡು ಬರೆಸಿದರು, ಮತ್ತೆ ಮತ್ತೆ ಬರೆಸಿದರು. ಒಂದಕ್ಕೂ ಉತ್ತರ ಬರಲಿಲ್ಲ. ಅಪ್ಪನಿಗೆ ಸಿಟ್ಟು ಬಂದಿದೆ, ಹೋದರೆ ಮುಖ ನೋಡುತ್ತಾರೋ ಇಲ್ಲವೋ ಎಂಬ ಹೆದರಿಕೆಯಲ್ಲೇ ವರ್ಷಗಳು ಉರುಳಿ, ಆ ತಾಯಿ ಮಟ್ಟಾಂಚೇರಿಯಲ್ಲೇ ತೀರಿಕೊಂಡರು.

ಊರು ಯಾವುದು ಎಂದರೆ ದಾಕ್ಷಾಯಣಿ ಮಂಜೇಶ್ವರ ಎನ್ನುತ್ತಿದ್ದರು. ಅಮ್ಮ ಯಾವಾಗಲೂ ಹೇಳುತ್ತಿದ್ದದ್ದು ಅದೇ. "ಅಣ್ಣನ ಮುಖ ಒಮ್ಮೆ ನೋಡ್ಬೇಕು ಮೇಡಂ. ಇಲ್ಲದಿದ್ರೆ ಇಲ್ಲ ಅಂತಾದ್ರೂ ಗೊತ್ತಾಗ್ಬೇಕು" ಎಂದು ಅವರು ಅತ್ತಿಗೆಯನ್ನು ಕೇಳಿಕೊಂಡಿದ್ದರು. ಅತ್ತಿಗೆ ಮಂಜೇಶ್ವರದಲ್ಲಿ ಗೊತ್ತಿದ್ದವರ ಮೂಲಕ ಹುಡುಕಿಸಿದರು, ತಾವೇ ಹೋಗಿಯೂ ಬಂದರು. ತುಂಗಮ್ಮನನ್ನು ಬಲ್ಲವರು ಸಿಗಲಿಲ್ಲ. ಚಾರ್ಟಿನಲ್ಲಿ ಊರಿನ ಜಾಗ ಖಾಲಿ ಉಳಿಯಿತು.

ಆಮೇಲೆ ದಾಕ್ಷಾಯಣಿಯವರ ಮಗ ಅಜಿತ್ ಕೈ ಹಾಕಿದ. ಎಡಪ್ಪಳ್ಳಿಯ ಮಾಲಿನಲ್ಲಿ ಸೂಪರ್‌ವೈಸರ್ ಆಗಿರುವ ಚುರುಕು ಹುಡುಗ. ಮಂಜೇಶ್ವರದವರ ವಾಟ್ಸಾಪ್ ಗುಂಪುಗಳಿಗೆಲ್ಲ ಸಂದೇಶ ಹಾಕಿದ. ಒಂದು ಮನೆಯವರಿಂದ ಉತ್ತರ ಬಂತು. ಅವರ ತಂದೆಯ ಹೆಸರು ಸುಧನ್ವ, ಚಿಕ್ಕಂದಿನಲ್ಲಿ ಅವರ ತಾಯಿ ತೆಂಕು ದಿಕ್ಕಿಗೆ ಕೆಲಸಕ್ಕೆಂದು ಹೋದವಳು ತಿರುಗಿ ಬರಲಿಲ್ಲವಂತೆ. ಆ ಸುಧನ್ವ ತೀರಿಕೊಂಡು ಕೆಲವು ವರ್ಷವಾಗಿತ್ತು. ಒಳ್ಳೆಯ ಜನ, ಫೋಟೋ ಕಳಿಸಿದರು. ದಾಕ್ಷಾಯಣಿ ನೋಡಿದವರೇ ಅಮ್ಮನ ಮೂಗು ಎಂದು ಅತ್ತರು. ಮೂಗು ಹುಡುಕಿ ಹೊರಟವರಿಗೆ ಮೂಗು ಸಿಕ್ಕೇ ಸಿಗುತ್ತದೆ.

ಆಗ ಕರ್ಕಾಟಕ ವಾವು ಹತ್ತಿರ ಬಂದಿತ್ತು. ಆ ಅಮಾವಾಸ್ಯೆಯ ದಿನ ಕೇರಳದಲ್ಲಿ ಸತ್ತವರಿಗೆ ಬಲಿ, ಎಂದರೆ ಪಿಂಡ, ಹಾಕುತ್ತಾರೆ, ಕೊಚ್ಚಿಗೆ ಹತ್ತಿರದ ಆಲುವಾದ ಹೊಳೆಯ ಮರಳಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಈ ಸಲ ಅಲ್ಲಿಗೆ ಹೋಗಿ ಅಣ್ಣನಿಗೆ ಪಿಂಡ ಇಡುವುದೆಂದು ದಾಕ್ಷಾಯಣಿ ನಿಶ್ಚಯಿಸಿದರು. ತಾಯಿ ಮಗ ಇಬ್ಬರೂ ಅದನ್ನು ಹೇಳಲು, ಹಾಗೆಯೇ ಚಾರ್ಟು ಪೂರ್ತಿ ಮಾಡಿಸಿಕೊಂಡು ಮಂಜೇಶ್ವರದವರಿಗೂ ಒಂದು ಪ್ರತಿ ಕಳಿಸಲು ಅತ್ತಿಗೆಯ ಮನೆಗೆ ಬಂದರು. ನಾನು ಅವತ್ತು ಅಲ್ಲೇ ಇದ್ದೆ.

"ಹಾಕಿ ಕೊಡಿ ಆಂಟೀ" ಎಂದ ಅಜಿತ್. "ಊರು ಮಂಜೇಶ್ವರ. ಮಾಮನ ಹೆಸರಿನ ಕೆಳಗೆ ತೀರಿಕೊಂಡ ತಾರೀಕು."

ಅತ್ತಿಗೆ ಕನ್ನಡಕ ಹಾಕಿಕೊಂಡರು. ಇನ್ನು ಮುಗಿಯಿತು ಎಂದುಕೊಂಡೆ. "ಆ ಮಂಜೇಶ್ವರದವರ ಅಜ್ಜಿಯ ಹೆಸರೆಂತ?"

"ಅದು ಅವರಿಗೆ ಗೊತ್ತಿಲ್ಲ."

"ಹೋಗುವಾಗ ಸೊಂಟದಲ್ಲಿ ಒಂದು ಮಗು ಇತ್ತಾ?"

"ಅದೂ ಗೊತ್ತಿಲ್ಲ ಆಂಟೀ. ಅಷ್ಟು ಹಳೆಯ ಸಂಗತಿ ಅಲ್ವಾ?"

"ತೆಂಕು ಅಂದ್ರೆ ಎಲ್ಲಿಗೆ? ಕಣ್ಣೂರಿಗೂ ತೆಂಕೇ, ಕೊಚ್ಚಿಗೂ ತೆಂಕೇ."

ಅಜಿತನಿಗೆ ರೇಗಿತು. "ಸುಧನ್ವ ಅಂತ ಹೆಸರು ಎಷ್ಟು ಜನಕ್ಕೆ ಇರ್ತದೆ, ನೀವೇ ಹೇಳಿ."

"ಯಕ್ಷಗಾನದ ಹುಚ್ಚು ನಿನ್ನ ಮುತ್ತಜ್ಜನಿಗೊಬ್ಬನಿಗೇ ಇದ್ದದ್ದಾ? ಆ ಕಾಲದಲ್ಲಿ ಆಟ ನೋಡಿ ಬಂದು ಮಕ್ಕಳಿಗೆ ಹೆಸರಿಟ್ಟವರು ಊರು ತುಂಬ. ನಮ್ಮ ಕಡೆ ಹೋಗಿ ಸುಧನ್ವಾ ಅಂತ ಕರೆ, ಯಾರಾದ್ರೂ ಒಬ್ಬ ಓ ಅಂತಾನೆ."

ಪೇಪರಿನ ಹಿಂದೆ ಕೂತಿದ್ದ ನನ್ನ ಅಣ್ಣ ಅಷ್ಟು ಹೊತ್ತಿಗೆ ತಾಳ್ಮೆಗೆಟ್ಟ. "ಒಂದು ಊರಿನ ಹೆಸರು ಬರೆದ್ರೆ ನಿನ್ನ ಗಂಟೆಂತ ಹೋಗ್ತದೆ ಮಾರಾಯ್ತಿ? ಆ ಅಕ್ಕನಿಗೆ ಸಮಾಧಾನ ಆಗ್ಲಿ." ನನಗೂ ಅಣ್ಣನ ಮಾತೇ ಸರಿಯೆನಿಸಿತು. ಕಣ್ಣೀರು ಹಾಕುತ್ತ ಕೂತ ಹೆಂಗಸಿನ ಮುಂದೆ ಇದೆಂಥ ವಕೀಲಿ ಎಂದು ಸಿಟ್ಟೇ ಬಂತು.

ಅತ್ತಿಗೆ ಪೆನ್ನು ಕೆಳಗಿಟ್ಟರು. "ಬದುಕಿದ್ರೆ?" ಎಂದರು.

ಅಣ್ಣ ಪೇಪರು ಮಡಿಸಿದ.

"ದಾಕ್ಷಾಯಣಿಯಕ್ಕ, ನಿಮ್ಮ ಅಣ್ಣ ಎಲ್ಲಿಯಾದ್ರೂ ಬದುಕಿದ್ರೆ? ಉಸಿರಾಡ್ತಾ ಇರುವವನಿಗೆ ತಂಗಿಯ ಕೈಯಲ್ಲಿ ಪಿಂಡ ಇಡಿಸುವುದಾ? ನಾನು ಬರೆದುಕೊಟ್ಟ ಮೇಲೆ ನೀವು ಹುಡುಕುವುದು ನಿಲ್ಲಿಸ್ತೀರಿ. ನಿಮ್ಮ ಮೊಮ್ಮಕ್ಕಳೂ ಹುಡುಕುವುದಿಲ್ಲ."

ದಾಕ್ಷಾಯಣಿ ಸೆರಗಿನಿಂದ ಮುಖ ಒರೆಸಿಕೊಂಡು "ನನಗೆ ಸಾಕಾಯ್ತು ಮೇಡಂ" ಎಂದರು. "ಕಾದು ಕಾದು ಸಾಕಾಯ್ತು. ಸತ್ತಿದ್ದಾನೆ ಅಂತ ಗೊತ್ತಾದ್ರೆ ಅದೊಂದು ನೆಮ್ಮದಿ."

"ವಾವಿನವರೆಗೆ ನನಗೆ ಸಮಯ ಕೊಡಿ" ಎಂದರು ಅತ್ತಿಗೆ. "ಆಗದಿದ್ರೆ ನೀವು ಬಲಿ ಹಾಕಿ, ಬೇಡ ಅನ್ನುವುದಿಲ್ಲ. ಬರೆಯುವುದು ಮಾತ್ರ ಆಗ್ಲಿಕ್ಕಿಲ್ಲ."

ಅಜಿತ್ ಚಹಾ ಮುಟ್ಟದೆ ಹೊರಟ.

ಮರುದಿನ ಬೆಳಿಗ್ಗೆ ಅತ್ತಿಗೆ ನನ್ನನ್ನೂ ಎಳೆದುಕೊಂಡು ವಾಟರ್ ಮೆಟ್ರೋದ ದೋಣಿಯಲ್ಲಿ ಮಟ್ಟಾಂಚೇರಿಗೆ ಹೊರಟರು. ದಾಕ್ಷಾಯಣಿಯವರ ಮನೆ ಗೋದಾಮಿನ ಹಿಂದಿನ ಓಣಿಯಲ್ಲಿ. ಗೋಡೆಗೂ ಶುಂಠಿಯ ವಾಸನೆ. ಅವರು ಕಪ್ಪು ಚಹಾ ಕೊಟ್ಟರು, ಅತ್ತಿಗೆ ಲೋಟ ಹಿಡಿದುಕೊಂಡೇ ಕೇಳಿದರು. ಅಂಥ ಪ್ರಶ್ನೆಯನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

"ನಿಮ್ಮ ಅಮ್ಮ ಮಂಜೇಶ್ವರ ಅಂತ ಹೇಳಿದ್ದು ಯಾರಿಗೆ?"

"ಯಾರು ಕೇಳಿದ್ರೂ ಅದೇ ಹೇಳ್ತಿದ್ರು."

"ಕೇಳಿದವರು ಯಾರು?"

"ಗೋದಾಮಿನ ರೈಟರು. ರೇಷನ್ ಅಂಗಡಿಯವರು. ಈ ಓಣಿಯವರು, ಮತ್ತ್ಯಾರು ಕೇಳ್ತಾರೆ?"

"ಕಾರ್ಡು ಬರೆಸುವಾಗ್ಲೂ ರೈಟರಿಗೆ ಅದೇ ಹೇಳಿದ್ದಾ?"

"ಅದೇ ಇರ್ಬೇಕು. ಮತ್ತೆಂತ ಹೇಳ್ತಾರೆ?"

"ನಿಮ್ಮ ಹತ್ರ ಮಾತಾಡುವಾಗ ಎಂತ ಹೇಳ್ತಿದ್ರು?"

ದಾಕ್ಷಾಯಣಿ ನೆನಪು ಮಾಡಿಕೊಂಡು ನಿಧಾನವಾಗಿ ಹೇಳಿದರು, "ನನ್ನ ಹತ್ರ... ಊರು ಅಂತಷ್ಟೇ. ಊರಲ್ಲಿ ಹೀಗೆ, ಊರಲ್ಲಿ ಹಾಗೆ. ಹೆಸರು ಹಿಡಿದು ಹೇಳಿದ್ದೇ ಇಲ್ಲ."

ನಾನು ಬೆಚ್ಚಿದೆ. ಹೌದಲ್ಲ, ನಮ್ಮ ಮನೆಯಲ್ಲೂ ಹಾಗೇ. ತಿರುವನಂತಪುರದ ನೆರೆಮನೆಯವರಿಗೆ ನಾನು ಕಾಸರಗೋಡು ಎನ್ನುತ್ತೇನೆ, ಬೆಂಗಳೂರಿನವರು ಸಿಕ್ಕಿದರೆ ಮಂಗಳೂರು ಎನ್ನುತ್ತೇನೆ. ಕೇಳಿದವರಿಗೆ ಯಾವುದು ಗೊತ್ತೋ ಅದನ್ನು ಹೇಳಿ ಕೈ ತೊಳೆದುಕೊಳ್ಳುವುದು. ಮನೆಯ ಒಳಗೆ ಮಾತ್ರ ಬರೀ ಊರು. ಹುಟ್ಟಿದ ಜಾಗದ ನಿಜವಾದ ಹೆಸರನ್ನು ನನ್ನ ಮಗನ ಎದುರು ನಾನು ಎಷ್ಟು ಸಲ ಬಾಯಿಬಿಟ್ಟು ಹೇಳಿದ್ದೇನೆ?

"ರೈಲು ಹತ್ತಿದ ಸ್ಟೇಷನ್ನಿನ ಹೆಸರು ಅದು" ಎಂದರು ಅತ್ತಿಗೆ. "ಕೊಚ್ಚಿಯವರಿಗೆ ಅದರಿಂದ ಒಳಗಿನ ಹೆಸರು ಹೇಳಿ ಎಂತ ಪ್ರಯೋಜನ ಅಂತ ಅಂದುಕೊಂಡಿರ್ತಾರೆ. ಈಗ ಹೇಳಿ, ಅಮ್ಮ ಯಾರಿಗೂ ಹೇಳ್ಲಿಕ್ಕೆ ಅಲ್ಲದೆ, ತನ್ನಷ್ಟಕ್ಕೆ ಎಂತ ಮಾಡ್ತಿದ್ರು? ವರ್ಷದಲ್ಲಿ ಒಂದು ದಿನ ಕೆಲಸಕ್ಕೆ ಹೋಗದೆ ಮನೆಯಲ್ಲಿ ಕೂರುವ ಕ್ರಮ ಏನಾದ್ರೂ ಇತ್ತಾ?"

ದಾಕ್ಷಾಯಣಿಯವರ ಮುಖ ಬದಲಾಯಿತು. "ಇತ್ತು. ಮೀನ ತಿಂಗಳ ಹುಣ್ಣಿಮೆಯ ಮರುದಿನ. ರೈಟರು ಎಷ್ಟು ಬೈದ್ರೂ ಹೋಗ್ತಿರ್ಲಿಲ್ಲ. ಬೆಳಿಗ್ಗೆ ಮಿಂದು, ಒಂದು ಎಳನೀರು ಬೊಂಡ ಕೆತ್ತಿ ಇಟ್ಟು, ಬಟ್ಟೆ ತುಂಡಿನಲ್ಲಿ ಮುಡಿಪು ಕಟ್ಟಿ, ಮಲರಾಯಾ, ಹುಡುಗನನ್ನು ನೋಡಿಕೋ, ಅಂತ ಹೇಳಿ ಅಡ್ಡ ಬೀಳ್ತಿದ್ರು."

ನಮ್ಮ ಕಡೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಲರಾಯ ನಮ್ಮ ಕಡೆಯ ಒಂದು ದೈವ. ಬೇರೆ ಬೇರೆ ಊರುಗಳಲ್ಲಿ ಅದಕ್ಕೆ ಗುಡಿಯುಂಟು. ವರ್ಷಕ್ಕೊಮ್ಮೆ ನೇಮ, ಎಂದರೆ ದೈವ ಮೈಮೇಲೆ ಬಂದು ನುಡಿಕೊಡುವ ಸೇವೆ. ದೈವ ಒಂದೇ ಆದರೂ ನೇಮದ ದಿನ ಆಯಾ ಊರಿನದ್ದೇ. ಪಕ್ಕದ ಊರಿನ ನೇಮಕ್ಕೆ ನಾವು ನೋಡಲು ಹೋಗುತ್ತೇವೆ, ಆದರೆ ಮಿಂದು ಮುಡಿಪು ಕಟ್ಟುವುದು ನಮ್ಮ ಊರಿನ ದಿನವೇ.

ಓಣಿಯಿಂದ ಹೊರಗೆ ಬರುತ್ತ ಅತ್ತಿಗೆ ನನ್ನ ಕೈ ಗಟ್ಟಿಯಾಗಿ ಹಿಡಿದರು. "ಊರಿನ ಹೆಸರು ಬೇರೆಯವರಿಗೋಸ್ಕರ ಹೇಳಿದ್ದು ಅಪರ್ಣಾ. ಈ ದಿನ ಅವರು ತನಗೋಸ್ಕರ ಹಿಡಿದದ್ದು. ಇದರಲ್ಲಿ ತಪ್ಪಿರ್ಲಿಕ್ಕಿಲ್ಲ."

ಮಲಯಾಳದ ಮೀನ ತಿಂಗಳೆಂದರೆ ನಮ್ಮ ತುಳು ಲೆಕ್ಕದ ಸುಗ್ಗಿ ತಿಂಗಳು. ಸುಗ್ಗಿ ಹುಣ್ಣಿಮೆಯ ಮರುದಿನ ಮಲರಾಯನ ನೇಮ ಆಗುವ ಊರು ಯಾವುದು? ನಾನು ತಿರುವನಂತಪುರಕ್ಕೆ ಮರಳಿದೆ, ಅತ್ತಿಗೆ ಊಟದ ಮೇಜನ್ನೇ ಕಚೇರಿ ಮಾಡಿಕೊಂಡರು. ಮಂಜೇಶ್ವರದ ಸುತ್ತಿನ ಒಂದೊಂದೇ ಊರಿಗೆ ಫೋನು. ಒಂದು ಕಡೆ ನೇಮ ಪಗ್ಗು ತಿಂಗಳಲ್ಲಿ, ಇನ್ನೊಂದು ಕಡೆ ಸಂಕ್ರಮಣಕ್ಕೆ, ಮತ್ತೊಂದು ಕಡೆ ನೇಮವೇ ನಿಂತು ಹೋಗಿದೆ. "ನಿನ್ನ ಅತ್ತಿಗೆ ದೈವಗಳ ಟೈಮ್‌ಟೇಬಲ್ ಮಾಡ್ತಾ ಇದ್ದಾಳೆ, ಸಾರಿಗೆ ಉಪ್ಪಿಲ್ಲ" ಎಂದು ಅಣ್ಣ ನನಗೆ ದೂರು ಹೇಳಿದ. ವಾವು ದಿನದಿಂದ ದಿನಕ್ಕೆ ಹತ್ತಿರ ಬರುತ್ತಿತ್ತು. ಬಲಿಗೆ ಬೇಕಾದ ಎಳ್ಳು, ದರ್ಭೆ ತಂದಿಟ್ಟಾಗಿದೆ ಎಂದು ಅಜಿತ್ ಸಂದೇಶ ಕಳಿಸಿದ್ದ.

ಒಂದು ಸಂಜೆ ಅತ್ತಿಗೆ ನನಗೆ ಫೋನು ಮಾಡಿ ತಮ್ಮನ್ನೇ ಬೈದುಕೊಂಡರು. "ನಾನೆಂಥ ಮಂಕು! ಎಲ್ಲ ಫೋನೂ ಕೇರಳದ ಒಳಗೇ ಮಾಡ್ತಾ ಇದ್ದೇನೆ. ಆ ಹೆಂಗಸು ಹೊರಡುವಾಗ ಗಡಿಯೇ ಇರ್ಲಿಲ್ಲ. ಗಡಿಯ ಆಚೆಯವರೂ ಗುಡ್ಡೆ ಇಳಿದು ಮಂಜೇಶ್ವರದಲ್ಲೇ ರೈಲು ಹತ್ತಿರಬಹುದಲ್ವಾ?" ಚಾರ್ಟಿನಲ್ಲಿ ಅಂದು ಯಾವ ರಾಜ್ಯ, ಇಂದು ಯಾವ ರಾಜ್ಯ ಎಂದು ಎಲ್ಲರ ತಲೆ ತಿನ್ನುವ ಹೆಂಗಸೇ ಅದನ್ನು ಮರೆತಿದ್ದರು. ಆ ಹೊತ್ತಿಗೆ ಅವರನ್ನು ಗೇಲಿ ಮಾಡುವ ಮನಸ್ಸು ನನಗೆ ಬರಲಿಲ್ಲ.

ವಿಟ್ಲದಲ್ಲಿದ್ದ ಹಳೆಯ ಬ್ಯಾಂಕಿನ ಗೆಳತಿಯೊಬ್ಬರು ಗಡಿಯ ಆ ಬದಿಯ ಕೆಲವು ಮನೆಗಳ ನಂಬರು ಕೊಟ್ಟರು. ಬಂಟ್ವಾಳ ತಾಲೂಕಿನ ಅಡ್ಕಬೈಲು ಎಂಬ ಗ್ರಾಮದಲ್ಲಿ, ದೈವದ ಉಸ್ತುವಾರಿ ನೋಡುವ ಗುತ್ತಿನ ಮನೆಯ ಯಜಮಾನರು ಫೋನು ಎತ್ತಿದರು. ಅತ್ತಿಗೆ ಸ್ಪೀಕರ್ ಹಾಕಿದ್ದರಿಂದ ಅಣ್ಣನಿಗೂ ಎಲ್ಲ ಕೇಳಿಸಿತಂತೆ.

"ಸುಗ್ಗಿ ಹುಣ್ಣಿಮೆಯ ಮರುದಿನವೇ ನಮ್ಮಲ್ಲಿ ನೇಮ. ನನ್ನ ಅಜ್ಜನ ಕಾಲದಿಂದಲೂ ಹಾಗೇ."

"ಮೊದಲೆಲ್ಲ ರೈಲಿಗೆ ಎಲ್ಲಿಗೆ ಹೋಗ್ತಿದ್ದದ್ದು?"

"ಮತ್ತೆಲ್ಲಿಗೆ? ನಡೆದುಕೊಂಡು ಮಂಜೇಶ್ವರಕ್ಕೆ."

"ನಿಮ್ಮಲ್ಲಿ ಸುಧನ್ವ ಅಂತ ಯಾರಾದ್ರೂ ಇದ್ರಾ? ಸಣ್ಣದಿರುವಾಗ ತಾಯಿ ಬಿಟ್ಟು ಹೋದವರು?"

"ಇದ್ರಾ ಅಂದ್ರೆ? ಇದ್ದಾನೆ. ಕುಂಟಾಲಮೂಲೆ ಸುಧನ್ವ. ಈಗ ತಾನೇ ನಮ್ಮ ಜಗಲಿಯಿಂದ ಎದ್ದು ಹೋದ. ಕರೆಯಬೇಕಾ?"

ಅತ್ತಿಗೆ ಕುಣಿಯಲಿಲ್ಲ. ನಾನಾಗಿದ್ದರೆ ಕುಣಿಯುತ್ತಿದ್ದೆ. ಅವರು ತಾಯಿಯ ಹೆಸರು ಕೇಳಿದರು. ತುಂಗಮ್ಮ ಎಂದರು ಯಜಮಾನರು, ಹಾಲು ಕುಡಿಯುವ ಹೆಣ್ಣುಮಗುವನ್ನು ಎತ್ತಿಕೊಂಡು ಕೊಚ್ಚಿಗೆಂದು ಹೋದವಳ ಸುದ್ದಿಯೇ ಇಲ್ಲ ಎಂದರು. ಫೋನಿಟ್ಟ ಮೇಲೆ ಅತ್ತಿಗೆ ಕುರ್ಚಿಯಲ್ಲಿ ಕುಸಿದು ಕೂತು ನನಗೆ ಫೋನು ಮಾಡಿ "ಅಪರ್ಣಾ, ಅವರು ಬದುಕಿದ್ದಾರೆ" ಎಂದು ಹೇಳಿ ಅಳತೊಡಗಿದರು. ನಾನೂ ಅಡುಗೆಮನೆಯಲ್ಲಿ ನಿಂತು ಅತ್ತೆ. ವಿನಯ್ ಬಂದು ಯಾರು ತೀರಿಕೊಂಡರು ಎಂದು ಕೇಳಿದರು. ಯಾರೂ ತೀರಿಕೊಂಡಿಲ್ಲ ಎಂದೆ.

ಆದರೆ ಸುಧನ್ವರು ಮಾತಾಡಲು ಒಪ್ಪಲಿಲ್ಲ. ಮರುದಿನ ಅತ್ತಿಗೆ ದಾಕ್ಷಾಯಣಿಯವರನ್ನು ಕರೆಸಿಕೊಂಡು ಮತ್ತೆ ಫೋನು ಮಾಡಿದರು. ಗುತ್ತಿನ ಯಜಮಾನರು ಬಲವಂತದಿಂದ ಫೋನು ಕೈಗೆ ಕೊಟ್ಟಾಗ ಅವರು ಹೇಳಿದ್ದು: "ನನ್ನನ್ನು ಬಿಟ್ಟು ಹೋದವರಿಗೆ ಎಪ್ಪತ್ತು ವರ್ಷ ನೆನಪಾಗದ್ದು ಈಗೆಂತಕ್ಕೆ? ಒಂದು ಕಾಗದ ಹಾಕ್ಲಿಕ್ಕೆ ಆಗ್ಲಿಲ್ಲವಾ?"

"ಹಾಕಿದ್ದಾರೆ" ಎಂದರು ಅತ್ತಿಗೆ. "ಬಹಳ ಸಲ ಹಾಕಿದ್ದಾರೆ. ಮಂಜೇಶ್ವರ ಅಂತ ಬರೆಸಿ."

"ಮಂಜೇಶ್ವರಕ್ಕೆ ಹಾಕಿದ್ರೆ ಇಲ್ಲಿಗೆ ಹೇಗೆ ಬರ್ತದೆ? ಅಲ್ಲಿ ನಮ್ಮನ್ನು ಬಲ್ಲವರು ಯಾರು?"

"ಅದೇ ಆದದ್ದು ನೋಡಿ."

ಅತ್ತಿಗೆಯ ಪಕ್ಕದಲ್ಲೇ ಕೂತಿದ್ದ ದಾಕ್ಷಾಯಣಿ ಫೋನು ತೆಗೆದುಕೊಂಡರು. ಹುಟ್ಟಿದ ಮೇಲೆ ಮೊದಲ ಬಾರಿಗೆ ಅಣ್ಣ ಎಂದು ಕರೆದರು. ಬೇರೇನೂ ತೋಚದೆ ಆ ಒಂದು ದಿನದ ಸಂಗತಿ ಹೇಳಿದರು, ಹುಣ್ಣಿಮೆಯ ಮರುದಿನ, ಬೊಂಡ, ಮುಡಿಪು, ಹುಡುಗನನ್ನು ನೋಡಿಕೋ ಎಂಬ ಮಾತು.

"ಪ್ರತಿ ವರ್ಷವಾ?" ಎಂದು ಕೇಳಿದರು ಸುಧನ್ವರು.

"ಸಾಯುವ ವರ್ಷವೂ."

"ನಾನು ಆ ದಿನ ಇಲ್ಲಿ ನೇಮಕ್ಕೆ ದೀವಟಿಗೆ ಹಿಡಿಯುವವ" ಎಂದರು ಅವರು. "ಅಮ್ಮನ ಕ್ರಿಯೆ ಯಾರು ಮಾಡಿದ್ದು?"

"ಯಾರೂ ಸರಿಯಾಗಿ ಮಾಡ್ಲಿಲ್ಲ ಅಣ್ಣಾ."

"ನಾನು ಬರ್ತೇನೆ."

ವಾವಿನ ಹಿಂದಿನ ದಿನ ಅವರು ಮಗಳ ಜೊತೆ ಎರ್ನಾಕುಳಂ ಸ್ಟೇಷನ್ನಿನಲ್ಲಿ ಇಳಿದರು. ನಾನೂ ಬೆಳಗಿನ ರೈಲಿಗೆ ಬಂದು ಅತ್ತಿಗೆಯ ಜೊತೆ ಅಲ್ಲಿ ನಿಂತಿದ್ದೆ. ಸಣಕಲು ದೇಹ, ಬಿಳಿ ಪಂಚೆ, ಹೆಗಲಲ್ಲಿ ಚೀಲ. ಅವರ ಮೂಗು ಆ ಫೋಟೋದ ಮೂಗಿನ ಹಾಗೆ ಒಂದಿಷ್ಟೂ ಇರಲಿಲ್ಲ. ದಾಕ್ಷಾಯಣಿ ಓಡಿ ಹೋಗಿ ಅವರ ಎರಡೂ ಕೈ ಹಿಡಿದುಕೊಂಡು ನಿಂತರು. ಅಜಿತ್ ಚೀಲ ತೆಗೆದುಕೊಂಡು, ಅತ್ತಿಗೆಯ ಕಾಲು ಮುಟ್ಟಲು ಬಗ್ಗಿದ. ಅತ್ತಿಗೆ ಅವನ ಕಿವಿ ಹಿಂಡಿದರು. "ಆ ಮಂಜೇಶ್ವರದವರಿಗೆ ಫೋನು ಮಾಡಿದ್ಯಾ? ಪಾಪ, ಅವರ ಅಜ್ಜಿಯೂ ಎಲ್ಲಿಗೋ ಹೋದವರೇ ಅಲ್ವಾ. ಅವರ ಹತ್ರ ನಾನು ಮಾತಾಡ್ಬೇಕು." ಆ ಅಜ್ಜಿಯ ಹುಡುಕಾಟ ಈಗಲೂ ನಡೆಯುತ್ತಿದೆ.

ಅದೇ ದಿನ ಅತ್ತಿಗೆ ಸುಧನ್ವರ ಬಾಯಿಂದಲೇ ಮತ್ತೊಮ್ಮೆ ಕೇಳಿ ತುಂಗಮ್ಮನ ಚಾರ್ಟು ತುಂಬಿಸಿದರು. ಕುಂಟಾಲಮೂಲೆ, ಅಡ್ಕಬೈಲು ಗ್ರಾಮ, ಬಂಟ್ವಾಳ ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ, ಅಂದು ಮದ್ರಾಸ್ ರಾಜ್ಯ, ಇಂದು ಕರ್ನಾಟಕ. ಹೇಳಿದವರು ಮಗ, ಅದೇ ಮನೆಯಲ್ಲಿ ಬೆಳೆದವರು. ಬರೆಯುವಾಗ ಅತ್ತಿಗೆಯ ಮುಖ ನೋಡಬೇಕಿತ್ತು. ನನ್ನ ಪುಣ್ಯಕ್ಕೆ ಇಂಥ ಅತ್ತಿಗೆ ಸಿಕ್ಕಿದರು ಎಂದು ನನಗೆ ಹೆಮ್ಮೆಯಾಯಿತು, ಅದನ್ನು ಬಾಯಿಬಿಟ್ಟು ಹೇಳಿದೆ ಕೂಡ. "ಹೊಗಳಿದ್ದು ಸಾಕು, ಕುಂಟಾಲಮೂಲೆಯಲ್ಲಿ ಲ ಬಿಟ್ಟು ಹೋಗಿದೆಯಾ ನೋಡು" ಎಂದರು.

ಬೆಳಗಿನ ಜಾವ ಆಲುವಾದ ಹೊಳೆಬದಿಯ ನೂಕುನುಗ್ಗಲಿನಲ್ಲಿ ಅಣ್ಣ ತಂಗಿ ಒಟ್ಟಿಗೆ ಕೂತು ತಾಯಿಗೆ ಬಲಿ ಹಾಕಿದರು. ಮಟ್ಟಾಂಚೇರಿಗೆ ಮರಳುವಾಗ ಎಲ್ಲರಿಗೂ ಹಸಿವು. ದಾಕ್ಷಾಯಣಿ ಒದ್ದೆ ಸೀರೆ ಬದಲಿಸಿದವರೇ ಒಲೆಯ ಹತ್ತಿರ ಹೋದರು. ಬಾಳೆಲೆ ಹಾಕಿದರು. ಸುಧನ್ವರನ್ನು ಮೊದಲನೆಯ ಎಲೆಗೆ ಕೂರಿಸಿ ಅನ್ನ ಬಡಿಸಿದರು.

ಸುಧನ್ವರು ಅನ್ನಕ್ಕೆ ಕೈ ಹಾಕಲಿಲ್ಲ. ತಲೆಯೆತ್ತಿ ತಂಗಿಯನ್ನು ನೋಡಿದರು.

"ಇವತ್ತು ಹೊಳೆಬದಿಯಲ್ಲಿ ನನಗೆ ಪಿಂಡ ಇಡುವ ಅಂದಾಜಿತ್ತಂತೆ ನಿನಗೆ. ಹೌದಾ?"

ಅಜಿತ್ ನೆಲ ನೋಡಿದ. ದಾಕ್ಷಾಯಣಿಯವರ ಕೈಯ ಸೌಟು ಅಲ್ಲೇ ನಿಂತಿತು. "ಹೌದಣ್ಣಾ" ಎಂದರು.

"ಹಾಗಾದ್ರೆ ಇನ್ನೊಂದು ಸೌಟು ಹಾಕು."

ದಾಕ್ಷಾಯಣಿ ಹಾಕಿದರು. ಸಾಕು ಎಂದು ಅವರು ಹೇಳಲಿಲ್ಲ, ಇವರು ನಿಲ್ಲಿಸಲೂ ಇಲ್ಲ. ಎಲೆ ತುಂಬಿ ಅನ್ನ ನೆಲಕ್ಕೆ ಚೆಲ್ಲಿದರೂ ಬಡಿಸುತ್ತಲೇ ಇದ್ದರು.